ಗಾಜಿನ ಮನೆಯೊಳಗಿನ ಕೆಸು: ಗೋಲ್ಡನ್ ಗೇಟ್ ಪಾರ್ಕ್‌ಗೆ ಅಪ್ಪ-ಅಮ್ಮನನ್ನು ಇನ್ನೊಮ್ಮೆ ಕರೆದುಕೊಂಡು ಹೋಗಲಾ?

ಹಿತ್ತಲಮನೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಸ್ಯಾನ್ ಹೋಸೆಯಲ್ಲಿ. ಊರಿಂದ ಅಪ್ಪ-ಅಮ್ಮ ಬಂದು ಎರಡು ತಿಂಗಳಾಯಿತು. ಕಳೆದ ಶನಿವಾರ ಅವರನ್ನು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದೆ. ಮನೆ ಬಿಡುವಾಗ ಬೆವರು ಇಳಿಯುತ್ತಿತ್ತು. ಅಲ್ಲಿ ಕಾರಿಂದ ಇಳಿದರೆ ಮಂಜು, ಸುಯ್ಯೆನ್ನುವ ಗಾಳಿ. ಜುಲೈ ತಿಂಗಳಲ್ವಾ ಅಂತ ಯಾರೂ ಸ್ವೆಟರ್ ತಂದಿರಲಿಲ್ಲ. ಅಪ್ಪ ಡಿಕ್ಕಿಯಲ್ಲಿದ್ದ ಜಮಖಾನ ಹೊದ್ದುಕೊಂಡು ನಡೆದರು.

ಅಲ್ಲಿ ಬಿಳಿ ಬಣ್ಣದ ಗಾಜಿನ ಮನೆ ಇದೆಯಲ್ಲ, ಕನ್ಸರ್ವೇಟರಿ ಆಫ್ ಫ್ಲವರ್ಸ್, ಚಳಿಗೆ ಹೆದರಿ ಅದರೊಳಗೆ ನುಗ್ಗಿದೆವು. ಬಾಗಿಲು ದಾಟಿದ್ದೇ ತಡ, ಮೂವರ ಕನ್ನಡಕವೂ ಮಬ್ಬಾಯಿತು. ಅಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಎದುರಿಗಿದ್ದ ದೊಡ್ಡ ಎಲೆ ನೋಡಿ, "ಇದು ಕೆಸು ಅಲ್ವೇನೋ? ಇದನ್ನು ನೋಡೋಕೆ ಟಿಕೆಟ್ ತಗೊಂಡೆಯಾ?" ಅಂದರು. ಅಪ್ಪನಿಗೆ ನಗು. "ನಮ್ಮ ಹಿತ್ತಲಿಗೇ ಗಾಜು ಹಾಕಿಸಿದ್ದರೆ ನಾವೂ ಟಿಕೆಟ್ ಮಾರಬಹುದಿತ್ತು" ಅಂದರು. ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದೆವು.

ಹೆಂಡತಿಯ ಪ್ರಕಾರ ತಪ್ಪು ನನ್ನದೇ. ಕುರಿ ಅಟ್ಟಿದ ಹಾಗೆ ಅಟ್ಟಿಕೊಂಡು ಹೋಗಿರ್ತೀರಿ, ಇನ್ನೊಂದು ಸಲ ನಿಧಾನವಾಗಿ ತೋರಿಸಿ ಅನ್ನುತ್ತಾಳೆ. ನಿಜಕ್ಕೂ ನೋಡುವಂಥದ್ದು ಏನಾದರೂ ಬಿಟ್ಟು ಬಂದೆವಾ? ಗೊತ್ತಿದ್ದವರು ಹೇಳಿ.

ಮಂಜಿನೂರಿನವಳು:

ಜಮಖಾನ ಹೊದ್ದ ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಇಲ್ಲಿ ಜುಲೈ ಅಂದರೆ ಹಾಗೇನೇ. ಒಳನಾಡು ಕಾದಷ್ಟೂ ಸಮುದ್ರದ ತಣ್ಣನೆ ಗಾಳಿ ಮಂಜು ಹೊತ್ತುಕೊಂಡು ಒಳಗೆ ಬರುತ್ತದೆ. ನಿಮ್ಮಲ್ಲಿ ಸೆಕೆ ಜಾಸ್ತಿಯಾದ ದಿನ ನಮ್ಮಲ್ಲಿ ಚಳಿ ಜಾಸ್ತಿ.

ನಾನು ಪಾರ್ಕ್ ಪಕ್ಕದ ಸನ್‌ಸೆಟ್ ಬಡಾವಣೆಯಲ್ಲಿದ್ದೇನೆ. ಆ ಗಾಜಿನ ಮನೆಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ನಗರದ ನಿವಾಸಿಗಳಿಗೆ ಗುರುತಿನ ಚೀಟಿ ತೋರಿಸಿದರೆ ಉಚಿತ, ಅದೂ ಒಂದು ಕಾರಣ ಅನ್ನಿ. ಹೊರಗಿನವರಿಗೆ ತಿಂಗಳ ಮೊದಲ ಮಂಗಳವಾರ ಉಚಿತ. ರಶ್ ಇರುತ್ತದೆ.

ಒಳಗಿನ ಗಿಡಕ್ಕಿಂತ ಮೊದಲು ಆ ಮನೆಯ ಕಥೆ ಹೇಳಿ ಅವರಿಗೆ. ನಿಮ್ಮ ಊರಿಗೂ ಸಂಬಂಧ ಇದೆ. ಜೇಮ್ಸ್ ಲಿಕ್ ಅಂತ ಒಬ್ಬ ದೊಡ್ಡ ಶ್ರೀಮಂತ. ಪೆರುವಿನಲ್ಲಿ ಪಿಯಾನೋ ಮಾಡುತ್ತಿದ್ದವನು, ಇಲ್ಲಿಗೆ ಬಂದು ಜಮೀನು ಕೊಂಡು ಬೆಳೆದ. ಸಾಂತಾ ಕ್ಲಾರಾ ಕಣಿವೆಯ ತನ್ನ ಎಸ್ಟೇಟಿಗೆ ಅಂತ ಈ ಗಾಜಿನ ಮನೆಯನ್ನು ಬಿಡಿ ಭಾಗಗಳಾಗಿ ತರಿಸಿಕೊಂಡಿದ್ದ. ಪೆಟ್ಟಿಗೆ ಬಿಚ್ಚುವ ಮೊದಲೇ 1876ರಲ್ಲಿ ತೀರಿಕೊಂಡ. ಲೆಲಂಡ್ ಸ್ಟ್ಯಾನ್‌ಫೋರ್ಡ್, ಚಾರ್ಲ್ಸ್ ಕ್ರಾಕರ್ ಮುಂತಾದ ಊರಿನ ದುಡ್ಡಿನವರೆಲ್ಲ ಸೇರಿ ಪೆಟ್ಟಿಗೆಗಳನ್ನು ಕೊಂಡು ಪಾರ್ಕಿಗೆ ಕೊಟ್ಟರು. ನ್ಯೂಯಾರ್ಕಿನ ಲಾರ್ಡ್ ಅಂಡ್ ಬರ್ನ್‌ಹ್ಯಾಮ್ ಕಂಪನಿ ಜೋಡಿಸಿ ನಿಲ್ಲಿಸಿತು. 1879ರಲ್ಲಿ ಜನರಿಗೆ ತೆರೆಯಿತು.

ಲಿಕ್ ಮಹಾಶಯ ಎಲ್ಲಿದ್ದಾನೆ ಗೊತ್ತಾ? ನಿಮ್ಮ ಮನೆಯಿಂದ ಕಾಣುವ ಮೌಂಟ್ ಹ್ಯಾಮಿಲ್ಟನ್ ಮೇಲಿನ ಬಿಳಿ ವೀಕ್ಷಣಾಲಯ ಇದೆಯಲ್ಲ, ಅವನ ದುಡ್ಡಲ್ಲಿ ಕಟ್ಟಿದ್ದು. ಅಲ್ಲಿನ ದೊಡ್ಡ ದೂರದರ್ಶಕದ ಕೆಳಗೇ ಅವನ ಸಮಾಧಿ.

ಲೆಕ್ಕದಪ್ಪ:

ಕಥೆ ಚೆನ್ನಾಗಿದೆ. ಆದರೆ ನಾನು ಹಿತ್ತಲಮನೆಯವರ ಅಮ್ಮನ ಪಕ್ಷ. ಆ ಗಾಜಿನ ಮನೆಯ ದುರಸ್ತಿಗೆ 2003ರ ಹೊತ್ತಿಗೆ 25 ಮಿಲಿಯನ್ ಡಾಲರ್ ಖರ್ಚಾಯಿತು. ಚಳಿ ಊರಲ್ಲಿ ಬಾಳೆಗಿಡಕ್ಕೆ ಹೀಟರ್ ಹಾಕಿ ಕೂರಿಸುವುದಕ್ಕೆ! ವರ್ಷವಿಡೀ ಗ್ಯಾಸ್ ಉರಿಸಬೇಕು, ನೀರು ಸಿಂಪಡಿಸಬೇಕು. ಬಾಳೆ ನೋಡಬೇಕು ಅಂದರೆ ಬಾಳೆ ಬೆಳೆಯುವ ಕಡೆ ಹೋಗಿ ನೋಡಬಹುದು. 1879ರಲ್ಲಿ ಜನರಿಗೆ ಅದು ಆಗುತ್ತಿರಲಿಲ್ಲ, ಒಪ್ಪಿದೆ. ಈಗ ಯಾಕೆ?

ಹಳೇ ಕಟ್ಟಡ:

ಲೆಕ್ಕದಪ್ಪನವರೇ, ಆ 25 ಮಿಲಿಯನ್ ಹೋಗಿದ್ದು ಬಾಳೆಗಿಡಕ್ಕಲ್ಲ, ಮರಗೆಲಸಕ್ಕೆ. ನನ್ನ ಕಸುಬು ಹಳೆಯ ಕಟ್ಟಡಗಳದ್ದು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರಾದರೆ ದಾಟಿ ಹೋಗಿ.

ಲಂಡನ್ನಿನ ಕ್ಯೂ ತೋಟದಲ್ಲಿ 1848ರಲ್ಲಿ ಮುಗಿದ ಪಾಮ್ ಹೌಸ್ ಕಬ್ಬಿಣದ್ದು. ನಮ್ಮದು ಮರದ್ದು, ರೆಡ್‌ವುಡ್. ದೂರದಿಂದ ನೋಡಿದರೆ ಕಬ್ಬಿಣ ಅನ್ನಿಸುತ್ತದೆ, ಅಷ್ಟು ತೆಳ್ಳಗಿವೆ ಆ ಕಮಾನುಗಳು. ಒಳಗಡೆ ಬಿಸಿ, ತೇವ. ಹೊರಗಡೆ ತಣ್ಣನೆ ಮಂಜು. ನಡುವಿನ ಗಾಜಿನ ಮೇಲೆ ದಿನವಿಡೀ ನೀರು ಕೂತು, ಮರದ ಸಂದಿಗೆ ಇಳಿಯುತ್ತದೆ. ರೆಡ್‌ವುಡ್ ಕೊಳೆಯುವುದು ನಿಧಾನ ಅಷ್ಟೇ, ಕೊಳೆಯುವುದೇ ಇಲ್ಲ ಅಂತಲ್ಲ. ಒಮ್ಮೆ ಹೋದಾಗ ಕಿಟಕಿಯ ಕೆಳಪಟ್ಟಿಯ ಹತ್ತಿರ ಬಗ್ಗಿ ನೋಡಿ. ಬಣ್ಣದ ಮೇಲೆ ಹನಿಗಳು ಸಾಲಾಗಿ ಕೂತು, ಒಂದು ಮೂಲೆಗೆ ಹರಿದು, ಅಲ್ಲಿಂದ ತೊಟ್ಟಿಕ್ಕುತ್ತಿರುತ್ತವೆ. ಮೊದಲು ಸಾಯುವುದು ಆ ಮೂಲೆ.

ಅದು ಪಟ್ಟ ಪಾಡು ಕೇಳಿ. 1883ರಲ್ಲಿ ಬೆಂಕಿ ಬಿದ್ದು ನಡುವಿನ ಗುಮ್ಮಟ ಕುಸಿಯಿತು. ಕ್ರಾಕರ್ 10,000 ಡಾಲರ್ ಕೊಟ್ಟು ಮತ್ತೆ ಕಟ್ಟಿಸಿದ. ಆಗಲೇ ಗುಮ್ಮಟ ಆರು ಅಡಿ ಎತ್ತರವಾಗಿದ್ದು. 1906ರ ಭೂಕಂಪದಲ್ಲಿ ಊರೇ ಉರಿದುಹೋಯಿತು, ಮನೆ ಕಳೆದುಕೊಂಡ ಸಾವಿರಾರು ಜನ ಇದೇ ಪಾರ್ಕಿನಲ್ಲಿ ಡೇರೆ ಹಾಕಿದರು. ಗಾಜಿನ ಮನೆಗೆ ಮಾತ್ರ ಹೇಳಿಕೊಳ್ಳುವಂಥ ಏಟು ಬೀಳಲಿಲ್ಲ. ಹಗುರ ಮರದ ಚೌಕಟ್ಟು ಬಳುಕುತ್ತದೆ, ಕಲ್ಲು-ಇಟ್ಟಿಗೆ ಬಳುಕುವುದಿಲ್ಲ. 1918ರಲ್ಲಿ ಮತ್ತೆ ಬೆಂಕಿ. 1933ರಲ್ಲಿ ಚೌಕಟ್ಟು ಸಡಿಲವಾಗಿದೆ ಅಂತ ಬೀಗ ಹಾಕಿದವರು 1946ರವರೆಗೂ ತೆಗೆಯಲಿಲ್ಲ. 1995ರ ಡಿಸೆಂಬರಿನ ಬಿರುಗಾಳಿ ಗಾಜುಗಳಲ್ಲಿ ಸುಮಾರು ಶೇ 40ರಷ್ಟನ್ನು ಪುಡಿ ಮಾಡಿತು. ಮರುವರ್ಷ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಬಿಚ್ಚಿ, ಕೊಳೆತದ್ದನ್ನು ತೆಗೆದು, ಮತ್ತೆ ಜೋಡಿಸಿ ತೆರೆಯುವಾಗ 2003 ಆಗಿತ್ತು. ಎಂಟು ವರ್ಷ.

ಇನ್ನೊಂದು ವಿಷಯ. ಗುಮ್ಮಟದ ತುದಿಯಲ್ಲಿ ಮೊದಲು ಹದ್ದಿನ ಆಕೃತಿ ಇತ್ತು. 1883ರ ಬೆಂಕಿಯ ನಂತರ ಅದನ್ನು ತೆಗೆದು ಶನಿಗ್ರಹ ಕೂರಿಸಿದ್ದಾರೆ, ಬಳೆ ಸಮೇತ. ರೋಮನ್ನರಿಗೆ ಸ್ಯಾಟರ್ನ್ ಬೇಸಾಯದ ದೇವರು, ಅದಕ್ಕಿರಬೇಕು.

ಮಂಜಿನೂರಿನವಳು:

ತಲೆ ಮೇಲೆ ಶನಿ ಕೂರಿಸಿಕೊಂಡು ಬೆಂಕಿ, ಬಿರುಗಾಳಿ ಯಾಕೆ ಬಂತು ಅಂದರೆ! ನಮ್ಮಜ್ಜಿಯನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು.

ಲೆಕ್ಕದಪ್ಪ:

ಒಪ್ಪಿದೆ, ಏಳೂವರೆ ಶನಿಯಲ್ಲ, ನೂರಾ ಐವತ್ತು ವರ್ಷದ ಶನಿ. ಆದರೆ ನನ್ನ ಪ್ರಶ್ನೆ ಅಲ್ಲೇ ಇದೆ. ಕಟ್ಟಡ ಉಳಿಸಿ, ಬೇಡ ಅನ್ನಲ್ಲ. ಒಳಗೆ ಗಿಡ ಯಾಕೆ? ಮತ್ತೆ ಗಾಜು ಇದ್ದ ಮಾತ್ರಕ್ಕೆ ಬಿಸಿ ಹೇಗೆ ನಿಲ್ಲುತ್ತದೆ, ಸುಮ್ನೆ ಕೇಳುತ್ತಿದ್ದೇನೆ.

ಹಳೇ ಕಟ್ಟಡ:

ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಅದೇ. ಬೆಳಕು ಗಾಜು ದಾಟಿ ಒಳಗಿನ ನೆಲ, ಎಲೆ ಎಲ್ಲವನ್ನೂ ಕಾಯಿಸುತ್ತದೆ. ಅದರಿಂದ ಗಾಳಿ ಕಾಯುತ್ತದೆ. ಬಯಲಲ್ಲಾದರೆ ಕಾದ ಗಾಳಿ ಮೇಲೇರಿ ಹೋಗಿ ತಣ್ಣನೆಯದು ಬಂದು ಕೂರುತ್ತದೆ. ಇಲ್ಲಿ ಗಾಜು ಅದನ್ನು ಹೋಗಲು ಬಿಡುವುದಿಲ್ಲ. ಮಂಜು ಮುಸುಕಿದ ದಿನ, ರಾತ್ರಿ ಹೊತ್ತು ಅದು ಸಾಲದು, ಬಾಯ್ಲರ್ ಬೇಕೇ ಬೇಕು. ಬಿಸಿಲು ಹೆಚ್ಚಾದರೆ ಎಲೆ ಸುಡುತ್ತದೆ, ಅದಕ್ಕೇ ಗಾಜಿಗೆ ಸುಣ್ಣದಂಥ ಬಿಳಿ ಬಳಿದಿರುತ್ತಾರೆ. ಹೊರಗಿನಿಂದ ಆ ಹಾಲುಬಿಳುಪು ಬರುವುದು ಅದರಿಂದಲೇ.

ಗೆಡ್ಡೆಗೆಣಸು:

ಕಟ್ಟಡದವರೆಲ್ಲ ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಕೆಸುವಿನ ವಿಷಯ ಯಾರೂ ಮಾತಾಡಲಿಲ್ಲ!

ಹಿತ್ತಲಮನೆಯವರೇ, ನಿಮ್ಮ ಅಮ್ಮ ಹೇಳಿದ್ದು ಮುಕ್ಕಾಲು ಪಾಲು ಸರಿ. ನಡುವಿನ ಗುಮ್ಮಟದ ಕೋಣೆಯಲ್ಲಿ ಅವರು ನೋಡಿದ್ದು ಫಿಲೋಡೆಂಡ್ರಾನ್ ಇರಬೇಕು. ಕೆಸು ಅಲ್ಲ, ಆದರೆ ಕೆಸುವಿನ ಮನೆತನದ್ದೇ. ಕೆಸು, ಸುವರ್ಣಗೆಡ್ಡೆ, ಮನೆಯೊಳಗೆ ಬಾಟಲಿಯಲ್ಲಿ ಬೆಳೆಸುವ ಮನಿಪ್ಲಾಂಟ್, ಈ ಫಿಲೋಡೆಂಡ್ರಾನ್, ಎಲ್ಲ ದಾಯಾದಿಗಳು. ಹೂವು ನೋಡಿದರೆ ಗೊತ್ತಾಗುತ್ತದೆ. ನಡುವೆ ಒಂದು ದಿಂಡು, ಸುತ್ತ ದೊನ್ನೆಯಂಥ ಒಂದೇ ಹೊದಿಕೆ.

ಆ ಗಿಡಕ್ಕೆ ನೂರು ವರ್ಷ ದಾಟಿದೆ. ಬಿರುಗಾಳಿಯ ನಂತರ ದುರಸ್ತಿಗೆ ಅಂತ ಕಟ್ಟಡ ಖಾಲಿ ಮಾಡಿದಾಗ ಬೇರೆ ಗಿಡಗಳನ್ನು ಸಾಗಿಸಿದರು. ಇದು ಕೀಳಲಾರದಷ್ಟು ದೊಡ್ಡದು. ಇದ್ದಲ್ಲೇ ಬಿಟ್ಟು, ಅದಕ್ಕೆ ಮಾತ್ರ ತಾತ್ಕಾಲಿಕ ಗೂಡು ಕಟ್ಟಿ, ಸುತ್ತಲೂ ಕೆಲಸ ನಡೆಸಿದರು. ಮನೆ ರಿಪೇರಿ ಆಗುವಾಗ ಹಾಸಿಗೆ ಬಿಟ್ಟು ಏಳದ ಅಜ್ಜನ ಹಾಗೆ. ಮುಂದಿನ ಸಲ ಎಲೆ ನೋಡಬೇಡಿ, ಕಾಂಡ ನೋಡಿ. ಉದುರಿದ ಒಂದೊಂದು ಎಲೆಯೂ ಕಣ್ಣಿನಾಕಾರದ ಗುರುತು ಬಿಟ್ಟು ಹೋಗಿರುತ್ತದೆ.

ಈಗ ಅಸಲು ವಿಷಯ. ಇದೇ ಗಾಜಿನ ಮನೆಯಲ್ಲಿ ಸುವರ್ಣಗೆಡ್ಡೆಯ ಇನ್ನೂ ಹತ್ತಿರದ ನೆಂಟ ಇದೆ. ಸುಮಾತ್ರಾ ದ್ವೀಪದ ಟೈಟನ್ ಏರಮ್, ಇಲ್ಲಿನವರು ಹೆಣದ ಹೂವು ಅನ್ನುತ್ತಾರೆ. ಊರಲ್ಲಿ ಮೊದಲ ಮಳೆ ಬಿದ್ದಾಗ ಹಿತ್ತಲಲ್ಲಿ ಇಲಿ ಸತ್ತ ವಾಸನೆ ಬಂದು, ಹುಡುಕಿದರೆ ಸುವರ್ಣಗೆಡ್ಡೆಯ ಹೂ ಸಿಗುತ್ತದಲ್ಲ, ಅದನ್ನೇ ಆಳೆತ್ತರ ಮಾಡಿಕೊಳ್ಳಿ. ಮೊದಲ ಹೂವಿಗೆ ಏಳೆಂಟು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಕಾಯಬೇಕು. ಅರಳಿದರೆ ಒಂದೆರಡು ದಿನ ಅಷ್ಟೇ. ಅರಳುವಾಗ ನಡುವಿನ ದಿಂಡು ತಾನೇ ಬಿಸಿಯಾಗುತ್ತದೆ, ವಾಸನೆ ದೂರ ಹೋಗಲಿ ಅಂತ. ಕೊಳೆತ ಮಾಂಸ ಅಂದುಕೊಂಡು ಓಡಿ ಬರುವ ನೊಣ, ಜೀರುಂಡೆಗಳೇ ಪರಾಗ ಹೊರುವ ಕೂಲಿಗಳು.

2017ರಲ್ಲಿ ಅರಳಿದ್ದಕ್ಕೆ ಟೆರ್ರಾ ಅಂತ ಹೆಸರಿಟ್ಟಿದ್ದರು. 2018ರಲ್ಲಿ ಅರಳಿದ್ದರ ಹೆಸರೇನು ಗೊತ್ತಾ? ಸುಮಾ! ಕನ್ನಡ ಬಲ್ಲವರು ಯಾರೂ ಆ ಕಮಿಟಿಯಲ್ಲಿ ಇರಲಿಲ್ಲ ಅಂತ ಕಾಣುತ್ತದೆ. ಅಥವಾ ಇದ್ದರೇನೋ, ಹೂವಿಗೆ ಹೂವು ಅಂತಲೇ ಹೆಸರಿಟ್ಟು ಒಳಗೊಳಗೇ ನಕ್ಕರೇನೋ.

ಲೆಕ್ಕದಪ್ಪ:

ನಮ್ಮ ಅತ್ತಿಗೆಯ ಹೆಸರು ಸುಮಾ. ಈ ಚರ್ಚೆಯ ಲಿಂಕ್ ಮನೆಯ ಗ್ರೂಪಿಗೆ ಹಾಕುವ ಹಾಗಿಲ್ಲ.

ಅದಿರಲಿ, ಗೆಡ್ಡೆಗೆಣಸು ಅವರೇ, ನಿಮ್ಮ ಅಜ್ಜನ ಹೋಲಿಕೆಗೆ ಸ್ವಲ್ಪ ಕರಗಿದೆ. ನೂರು ವರ್ಷದ ಗಿಡವನ್ನು ಹೀಟರ್ ಆರಿಸಿ ಕೊಲ್ಲಿ ಅಂತ ಹೇಳುವಷ್ಟು ಕಟುಕ ನಾನಲ್ಲ.

ಮಲೆನಾಡು ಹುಡುಗ:

ಎಲ್ಲರೂ ಬಿಸಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ನನಗೆ ಅಲ್ಲಿ ಹೆಚ್ಚು ಇಷ್ಟವಾಗಿದ್ದು ಪಕ್ಕದ ತಣ್ಣನೆಯ ಕೋಣೆ, ಎತ್ತರದ ಬೆಟ್ಟದ ಉಷ್ಣವಲಯದ ಗಿಡಗಳದ್ದು. ಉಷ್ಣವಲಯ ಅಂದರೆ ಸೆಕೆ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಆಂಡಿಸ್ ಬೆಟ್ಟದ ಮೇಲೆ, ಮೋಡ ಬಂದು ಮರಕ್ಕೇ ತಾಗುವ ಕಡೆ, ವರ್ಷವಿಡೀ ತಂಪು. ಅಲ್ಲಿನ ಆರ್ಕಿಡ್‌ಗಳಿಗೆ ಸೆಕೆಯಾದರೆ ಸತ್ತೇ ಹೋಗುತ್ತವೆ. ಅವಕ್ಕೆ ಆ ಕೋಣೆಯಲ್ಲಿ ಕೃತಕ ಮಂಜು ಬಿಡುತ್ತಾರೆ. ಡ್ರಾಕುಲಾ ಅನ್ನುವ ಆರ್ಕಿಡ್ ಇರುತ್ತದೆ, ಹುಡುಕಿ. ಪುಟ್ಟ ಕೋತಿಯ ಮುಖ ನಿಮ್ಮನ್ನೇ ನೋಡಿದ ಹಾಗೆ ಇರುತ್ತದೆ. ಸೀತಾಳೆ ದಂಡೆ ನೋಡಿ ಬೆಳೆದವನಿಗೂ ಇದು ಆರ್ಕಿಡ್ ಅಂತ ನಂಬಲು ಒಂದು ನಿಮಿಷ ಬೇಕಾಯಿತು.

ಲೆಕ್ಕದಪ್ಪನವರಿಗೆ ಒಂದು ಖುಷಿಯ ವಿಷಯ. ಅದೇ ಪಾರ್ಕಿನ ಬೊಟಾನಿಕಲ್ ಗಾರ್ಡನ್‌ಗೆ ಹೋಗಿ, 1940ರಲ್ಲಿ ತೆರೆದ 55 ಎಕರೆಯ ತೋಟ. ಅಲ್ಲಿ ಮಧ್ಯ ಅಮೆರಿಕದ, ಆಂಡಿಸ್‌ನ ಮೋಡದ ಕಾಡುಗಳ ಗಿಡಮರಗಳು ಬಯಲಲ್ಲೇ ಬೆಳೆದಿವೆ. ಗಾಜಿಲ್ಲ, ಬಾಯ್ಲರ್ ಇಲ್ಲ, ಗ್ಯಾಸ್ ಬಿಲ್ಲೂ ಇಲ್ಲ. ಹಿತ್ತಲಮನೆಯವರ ಅಪ್ಪನನ್ನು ನಡುಗಿಸಿದ ಅದೇ ಮಂಜು ಈ ಮರಗಳನ್ನು ಸಾಕುತ್ತಿದೆ. ಅಲ್ಲಿನ ಮ್ಯಾಗ್ನೋಲಿಯಾ ಸಂಗ್ರಹವೂ ದೊಡ್ಡದು. ಆದರೆ ಅದು ಜನವರಿಯಿಂದ ಮಾರ್ಚ್ ಕಾಲದ ಮಾತು, ಈಗ ಹೋದರೆ ಬರೀ ಎಲೆ.

ನಮ್ಮಪ್ಪ ಬಂದಾಗ ಅಲ್ಲಿ ಒಂದು ಮರದ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು. ಮಳೆ ಇಲ್ಲ, ಆದರೂ ಟಪ್ ಟಪ್ ಅಂತ ಭುಜದ ಮೇಲೆ ಹನಿ. ಎಲೆಗಳು ಮಂಜನ್ನು ಹಿಡಿದು ಹನಿ ಮಾಡಿ ಬೇರಿಗೆ ಇಳಿಸುತ್ತವೆ. "ನಮ್ಮ ಘಟ್ಟದ ಮೇಲಿನ ಹಾಗೇ ಇದೆಯಲ್ಲೋ" ಅಂದರು. ಆಮೇಲೆ ಅರ್ಧ ಗಂಟೆ ಮಾತೇ ಆಡಲಿಲ್ಲ.

ಮಂಜಿನೂರಿನವಳು:

ಈ ಪಾರ್ಕ್ ಇರುವ ಜಾಗ ಮೊದಲು ಏನಾಗಿತ್ತು ಗೊತ್ತಲ್ವಾ? ಬರೀ ಮರಳು. ಸಮುದ್ರದ ಕಡೆಯಿಂದ ಗಾಳಿ ಬೀಸಿದರೆ ದಿಬ್ಬಗಳೇ ಜಾಗ ಬದಲಿಸುತ್ತಿದ್ದವು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಓಲ್ಮ್‌ಸ್ಟೆಡ್‌ಗೇ ಇಲ್ಲಿ ಮರ ಬೆಳೆದೀತು ಅನ್ನುವ ನಂಬಿಕೆ ಇರಲಿಲ್ಲ. ಇವತ್ತು ಇದು 1,017 ಎಕರೆ, ಸೆಂಟ್ರಲ್ ಪಾರ್ಕಿಗಿಂತ ದೊಡ್ಡದು.

1870ರಲ್ಲಿ ವಿಲಿಯಂ ಹ್ಯಾಮಂಡ್ ಹಾಲ್ ಅನ್ನುವ ಎಳೆಯ ಇಂಜಿನಿಯರ್ ಅಳತೆಗೆ ಇಳಿದ. ಕುದುರೆಯ ಮೇವಿನ ಚೀಲದಿಂದ ಚೆಲ್ಲಿದ ಬಾರ್ಲಿ ಮರಳಲ್ಲಿ ಮೊಳೆತಿದ್ದು ಅವನ ಕಣ್ಣಿಗೆ ಬಿತ್ತು ಅಂತ ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಅವನು ಮಾಡಿದ್ದು ಅದನ್ನೇ. ಮೊದಲು ಬೇಗ ಬರುವ ಬಾರ್ಲಿ, ಅದು ಮರಳು ಹಿಡಿದುಕೊಳ್ಳುವಷ್ಟರಲ್ಲಿ ಲೂಪಿನ್ ಗಿಡ, ಅದರ ಮರೆಯಲ್ಲಿ ಮರದ ಸಸಿ. ನೀಲಗಿರಿ, ಪೈನ್, ಸೈಪ್ರೆಸ್. ನೀರಿಗೆ ಆಮೇಲೆ ಸಮುದ್ರದ ತುದಿಯಲ್ಲಿ ಎರಡು ಗಾಳಿಯಂತ್ರ ನಿಲ್ಲಿಸಿದರು, 1903ರಲ್ಲಿ ಒಂದು, 1908ರಲ್ಲಿ ಇನ್ನೊಂದು. ನೆಲದಡಿಯ ನೀರೆತ್ತಲು.

ಹಾಲ್ ನಂತರ ಬಂದ ಜಾನ್ ಮ್ಯಾಕ್‌ಲಾರೆನ್ ಐವತ್ತು ವರ್ಷಕ್ಕೂ ಹೆಚ್ಚು ಕಾಲ, 1943ರಲ್ಲಿ ಸಾಯುವವರೆಗೂ ಇಲ್ಲೇ ಮೇಲ್ವಿಚಾರಕ. ಆ ಸ್ಕಾಟ್ಲೆಂಡಿನವನಿಗೆ ಪ್ರತಿಮೆ ಕಂಡರೆ ಆಗುತ್ತಿರಲಿಲ್ಲ. ದೊಡ್ಡವರು ತಂದು ನಿಲ್ಲಿಸಿದರೆ ಸುತ್ತ ಪೊದೆ ನೆಟ್ಟು ಮುಚ್ಚಿಬಿಡುತ್ತಿದ್ದ. ಈಗ ಅವನದೇ ಒಂದು ಪ್ರತಿಮೆ ಅಲ್ಲಿದೆ, ಪಾಪ.

ಹಾಗಾಗಿ ಲೆಕ್ಕದಪ್ಪನವರೇ, ಬಾಳೆಗೆ ಹೀಟರ್ ಅಂತ ನಗುತ್ತೀರಲ್ಲ, ಅಲ್ಲಿ ಹೊರಗೆ ನಿಂತಿರುವ ನೀಲಗಿರಿಯೂ ಬಾಳೆಯಷ್ಟೇ ಪರದೇಶಿ. ಒಳಗಿನದಕ್ಕೆ ಗಾಜು ಕಾಣುತ್ತದೆ, ಹೊರಗಿನದಕ್ಕೆ ಕಾಣುವುದಿಲ್ಲ ಅಷ್ಟೇ.

ಲೆಕ್ಕದಪ್ಪ:

ಸೋತೆ ಅಂತ ಬರೆಯಲಾರೆ. ನೀಲಗಿರಿಗೆ ತಿಂಗಳ ಬಿಲ್ ಬರಲ್ಲ. ಆದರೆ ಆ ಮೋಡದ ಕಾಡು ನೋಡಲು ಹೋಗುತ್ತೇನೆ. ಪಾರ್ಕಿಂಗ್ ಎಲ್ಲಿ?

ಗೆಡ್ಡೆಗೆಣಸು:

ಗಾಜಿನ ಮನೆಯ ಮುಂದೆ ಕಾರು ಬಿಡಲ್ಲ. ಆ ರಸ್ತೆಯನ್ನು ಜನರಿಗೇ ಬಿಟ್ಟುಕೊಡಬೇಕು ಅಂತ 2022ರಲ್ಲಿ ಮತ ಹಾಕಿ ತೀರ್ಮಾನಿಸಿದ್ದಾರೆ. 5 ಫುಲ್ಟನ್ ಬಸ್ಸು ಹಿಡಿದು ಬನ್ನಿ, ಇಳಿದು ಸ್ವಲ್ಪ ನಡೆದರೆ ಆಯಿತು. ಆಗಸ್ಟ್ ಕೊನೆಗೆ ಬಂದರೆ ಪಕ್ಕದಲ್ಲೇ ಡೇಲಿಯಾ ತೋಟ ತುಂಬಿ ನಿಂತಿರುತ್ತದೆ. ಊಟದ ತಟ್ಟೆಯಷ್ಟು ಅಗಲದ ಹೂಗಳು. ಡೇಲಿಯಾ ಆ ನಗರದ ಅಧಿಕೃತ ಹೂವು, 1926ರಿಂದ.

ಕೊಳದ ಕೋಣೆಯನ್ನೂ ಬಿಡಬೇಡಿ. ಅಮೆಜಾನಿನ ದೈತ್ಯ ನೈದಿಲೆ ಇದ್ದರೆ ಅದರ ಎಲೆಯ ಅಂಚು ನೋಡಿ, ಪರಾತದ ಹಾಗೆ ಮೇಲಕ್ಕೆ ಮಡಚಿರುತ್ತದೆ. ಅಡಿಭಾಗದ ತುಂಬ ಮುಳ್ಳು.

ಹಿತ್ತಲಮನೆ:

ಎಲ್ಲರಿಗೂ ಥ್ಯಾಂಕ್ಸ್. ಮೊನ್ನೆ ಮಂಗಳವಾರ ಮತ್ತೆ ಹೋಗಿ ಬಂದೆವು. ಅಪ್ಪ ಈ ಸಲ ಎರಡು ಸ್ವೆಟರ್, ಮೇಲೊಂದು ಮಫ್ಲರ್ ಹಾಕಿಕೊಂಡು ಬಂದು, ಒಳಗೆ ಹೋದ ಐದು ನಿಮಿಷಕ್ಕೆ ಒಂದೊಂದೇ ಬಿಚ್ಚಿ ನನ್ನ ಕೈಗೆ ಕೊಟ್ಟರು. ಹೆಣದ ಹೂವು ಅರಳಿರಲಿಲ್ಲ. ಶನಿಗ್ರಹ ತೋರಿಸಿದೆ, ಅಪ್ಪ ಮೇಲೆ ನೋಡಿ ಸುಮ್ನೆ ಕೈ ಮುಗಿದರು.

ಅಮ್ಮನಿಗೆ ಆ ಫಿಲೋಡೆಂಡ್ರಾನ್ ಕಥೆ ಪೂರ್ತಿ ಹೇಳಿದೆ. ಕಾಂಡದ ಮೇಲಿನ ಕಣ್ಣಿನಂಥ ಗುರುತುಗಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅಲ್ಲೇ ಎಲೆ ಒರೆಸುತ್ತಿದ್ದ ಕೆಲಸದ ಹುಡುಗಿಯನ್ನು ತೋರಿಸಿ, "ಇದೂ ತುರಿಸುತ್ತಾ ಕೇಳು" ಅಂದರು. ಕೇಳಿದೆ. ಹೌದು, ಕತ್ತರಿಸುವಾಗ ರಸ ತಾಗಿದರೆ ತುರಿಸುತ್ತದೆ, ಅದಕ್ಕೇ ಗ್ಲೌಸ್ ಅಂತ ಎರಡೂ ಕೈ ಎತ್ತಿ ತೋರಿಸಿದಳು.

ಅಮ್ಮ ಶುರು ಮಾಡಿಬಿಟ್ಟರು. ಕೆಸು ಹೆಚ್ಚುವ ಮೊದಲು ಕೈಗೆ ಎಣ್ಣೆ ಹಚ್ಚಿಕೊಳ್ಳಬೇಕು, ಬೇಯಿಸುವಾಗ ಹುಣಸೆಹಣ್ಣು ಜಾಸ್ತಿ ಹಾಕಬೇಕು, ಇಲ್ಲದಿದ್ದರೆ ಗಂಟಲು ಕೆರೆಯುತ್ತೆ. ನಾನು ಒಂದೊಂದೇ ಇಂಗ್ಲಿಷಿಗೆ ತಿರುಗಿಸುತ್ತಾ ಹೋದೆ. ಹುಡುಗಿ ಬಕೆಟ್ ಕೆಳಗಿಟ್ಟು ಕೇಳುತ್ತಿದ್ದಳು. ಹುಣಸೆಹಣ್ಣು ಎಷ್ಟು ಅಂದಳು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕೈ ಮುಂದೆ ಚಾಚಿ, ಬೆರಳು ಮಡಚಿ, ನಿಂಬೆಹಣ್ಣಿನ ಗಾತ್ರ ತೋರಿಸಿದರು.

"ಇದನ್ನು ಮಾತ್ರ ಬೇಯಿಸಬೇಡ ಅಂತ ಹೇಳೋ" ಅಂದರು ಅಮ್ಮ, ಫಿಲೋಡೆಂಡ್ರಾನ್ ಕಡೆ ಕಣ್ಣು ಹಾಯಿಸಿ. ಹೇಳಿದೆ.